ವಿಮಾನ ಪಾಯಿಂಟುಗಳಿಂದ ಬಿಸಿನೆಸ್ ಕ್ಲಾಸ್ ಪ್ರಯಾಣ: ಲೆಕ್ಕ ಹಾಕುವ ಬಗೆ

ಪೀಣ್ಯದಲ್ಲಿ ಯಂತ್ರಭಾಗಗಳ ಕಾರ್ಖಾನೆಯನ್ನೂ ಶೆಟ್ಟಿಹಳ್ಳಿಯಲ್ಲಿ ವಾಸದ ಮನೆಯನ್ನೂ ಹೊಂದಿರುವ ಸಣ್ಣ ಉದ್ಯಮಿಗೆ ವಿಮಾನ ಪ್ರಯಾಣವು ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ, ಊರನ್ನೆಲ್ಲ ಹಾಯ್ದು ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಾಗಿದ್ದ ಉತ್ತರ ಬೆಂಗಳೂರಿನವರಿಗೆ ಯಲಹಂಕ ದಾಟಿದರೆ ಸಾಕು ಎಂಬಂತಾಯಿತು. ದೆಹಲಿಯ ಖರೀದಿದಾರರು, ಪುಣೆಯ ಗ್ರಾಹಕರು, ಆಗೊಮ್ಮೆ ಈಗೊಮ್ಮೆ ಹ್ಯಾನೋವರಿನ ಯಂತ್ರೋಪಕರಣ ಮೇಳ, ಹೀಗೆ ಓಡಾಟ ನಡೆದೇ ಇರುತ್ತದೆ. ಆದರೆ ಈ ಓಡಾಟದಿಂದಲೂ ಕ್ರೆಡಿಟ್ ಕಾರ್ಡಿನ ಖರ್ಚಿನಿಂದಲೂ ತಮ್ಮ ಖಾತೆಯಲ್ಲಿ ಎಷ್ಟು ಪಾಯಿಂಟುಗಳು ಸೇರಿವೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಗೋದಾಮಿನಲ್ಲಿರುವ ಬೋಲ್ಟು ನಟ್ಟುಗಳನ್ನೂ ಎಣಿಸಿಡುವವರು ಇದನ್ನು ಮಾತ್ರ ಎಣಿಸುವುದಿಲ್ಲ.

ಪದೇ ಪದೇ ಹಾರುವ ಗ್ರಾಹಕನಿಗೆ ಪಾಯಿಂಟು ನೀಡುವ ಪದ್ಧತಿಯನ್ನು ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದಿತು. ಮೊದಲು ಹಾರಿದ ಮೈಲಿಗಳನ್ನು ಎಣಿಸಲಾಗುತ್ತಿತ್ತು. ಈಗ ಅನೇಕ ಸಂಸ್ಥೆಗಳು ಪಾವತಿಸಿದ ದರವನ್ನು ಎಣಿಸುತ್ತವೆ. ಏರ್ ಇಂಡಿಯಾ ಕೂಡ 2024ರಲ್ಲಿ ಈ ಕ್ರಮಕ್ಕೆ ಬದಲಾಯಿತು. ಬ್ಯಾಂಕಿನ ಕಾರ್ಡ್ ಪಾಯಿಂಟುಗಳನ್ನು ವಿಮಾನ ಸಂಸ್ಥೆಯ ಖಾತೆಗೆ ವರ್ಗಾಯಿಸುವುದು ಎರಡನೆಯ ದಾರಿ. ಈ ವರ್ಗಾವಣೆ ಒಮ್ಮುಖವಾದುದು. ಹೋದ ಪಾಯಿಂಟುಗಳು ಮರಳಿ ಬಾರವು. ಆದುದರಿಂದ ಬೇಕಾದ ದಿನಾಂಕಕ್ಕೆ ಸೀಟು ಇದೆಯೇ ಎಂದು ಮೊದಲು ನೋಡಿ, ವರ್ಗಾವಣೆಗೆ ಕೆಲವು ದಿನಗಳು ಹಿಡಿಯಬಹುದೆಂಬುದನ್ನೂ ಗಮನದಲ್ಲಿಟ್ಟು ಮುಂದುವರಿಯುವುದು ಕ್ಷೇಮ.

ಪಾಯಿಂಟುಗಳಿಗೆ ಮೀಸಲಾದ ಬಿಸಿನೆಸ್ ಕ್ಲಾಸ್ ಸೀಟುಗಳು ಬೆರಳೆಣಿಕೆಯಷ್ಟಿರುತ್ತವೆ. ಸಾಮಾನ್ಯವಾಗಿ ಪ್ರಯಾಣಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲು ಇವು ತೆರೆಯುತ್ತವೆ. ಮಾರಾಟವಾಗದೆ ಉಳಿದವು ಕೆಲವೊಮ್ಮೆ ಕೊನೆಯ ವಾರಗಳಲ್ಲಿಯೂ ಸಿಗುತ್ತವೆ. ವ್ಯಾಪಾರ ಮೇಳಗಳ ದಿನಾಂಕಗಳು ಬಹಳ ಮುಂಚೆಯೇ ಪ್ರಕಟವಾಗುವುದರಿಂದ ತಯಾರಕರಿಗೆ ಇಲ್ಲಿ ಒಂದು ಅನುಕೂಲವಿದೆ. ಸ್ವಂತ ಸಂಸ್ಥೆಯಲ್ಲಿ ಸೀಟಿಲ್ಲದಿದ್ದರೆ ಮೈತ್ರಿಕೂಟದ ಇತರ ಸಂಸ್ಥೆಗಳಲ್ಲಿ ಹುಡುಕಬಹುದು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿದೆ. ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್ ಇವೂ ಅದೇ ಕೂಟದವು.

ಇನ್ನು ಮುಖ್ಯವಾದ ಲೆಕ್ಕ. ಉದಾಹರಣೆಗೆ, ಬೆಂಗಳೂರಿನಿಂದ ಜರ್ಮನಿಗೆ ಬಿಸಿನೆಸ್ ಕ್ಲಾಸಿನ ನಗದು ದರ ರೂ. 2,40,000 ಎಂದೂ, ಪಾಯಿಂಟುಗಳಲ್ಲಾದರೆ 90,000 ಪಾಯಿಂಟುಗಳ ಜೊತೆಗೆ ತೆರಿಗೆ ಮತ್ತು ಶುಲ್ಕವೆಂದು ರೂ. 40,000 ಎಂದೂ ಇಟ್ಟುಕೊಳ್ಳೋಣ. ಪಾಯಿಂಟಿನ ಟಿಕೇಟೆಂದರೆ ಪುಕ್ಕಟೆ ಟಿಕೇಟಲ್ಲ. ಈ ಶುಲ್ಕವನ್ನು ನಗದಾಗಿಯೇ ತೆರಬೇಕು. ಉಳಿತಾಯ ರೂ. 2,00,000. ಅಂದರೆ ಪಾಯಿಂಟಿಗೆ ಸುಮಾರು 2 ರೂಪಾಯಿ 22 ಪೈಸೆ. ಅದೇ ದಿನ ಎಕಾನಮಿ ದರ ರೂ. 60,000 ಇದ್ದು, 45,000 ಪಾಯಿಂಟು ಮತ್ತು ರೂ. 20,000 ಕೊಟ್ಟು ಅದನ್ನು ಪಡೆಯಬಹುದಾದರೆ, ಪಾಯಿಂಟಿಗೆ ಬರುವುದು ಸುಮಾರು 89 ಪೈಸೆ ಮಾತ್ರ. ಬಿಸಿನೆಸ್ ಕ್ಲಾಸಿಗೇ ಪಾಯಿಂಟು ಬಳಸಬೇಕೆಂಬ ಸಲಹೆಯ ಮೂಲ ಇದೇ.

ಆದರೆ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಪಾಯಿಂಟುಗಳಿಲ್ಲದಿದ್ದರೆ ಆ ಉದ್ಯಮಿ ಎರಡು ಲಕ್ಷ ನಲವತ್ತು ಸಾವಿರ ಕೊಟ್ಟು ಟಿಕೇಟು ಕೊಳ್ಳುತ್ತಿದ್ದನೇ? ಬಹುಪಾಲು ಸಣ್ಣ ತಯಾರಕರು ಕೊಳ್ಳುವುದಿಲ್ಲ, ಎಕಾನಮಿಯಲ್ಲಿಯೇ ಹೋಗುತ್ತಾರೆ. ಹಾಗಿದ್ದಲ್ಲಿ ಕೈಯಿಂದ ಹೋಗಬೇಕಾಗಿದ್ದ ರೂ. 60,000ದ ಬದಲು ರೂ. 40,000 ಹೋಯಿತು. ನಗದಿನ ನಿಜವಾದ ಉಳಿತಾಯ ಕೇವಲ ರೂ. 20,000, ಪಾಯಿಂಟಿಗೆ 22 ಪೈಸೆ! ಉಳಿದುದು ಸುಖಕ್ಕೆ ತೆತ್ತ ಬೆಲೆ. ರಾತ್ರಿಯಿಡೀ ಮಲಗಿ ಹೋಗಿ, ಬೆಳಿಗ್ಗೆ ಇಳಿದೊಡನೆ ಖರೀದಿದಾರನ ಎದುರು ಕುಳಿತು ದರ ಕುದುರಿಸಬೇಕಾದವನಿಗೆ ಆ ಸುಖವು ವ್ಯವಹಾರದ ಬಂಡವಾಳವೇ ಸರಿ. ಒಂದು ದಿನ ಮೊದಲೇ ಹೋಗಿ ಹೋಟೆಲಿನಲ್ಲಿ ತಂಗುವ ಖರ್ಚೂ ಉಳಿಯಬಹುದು. ಕೆಲವೇ ತಾಸುಗಳ ದೆಹಲಿ ಪ್ರಯಾಣಕ್ಕೆ ಈ ವಾದ ಅಷ್ಟಾಗಿ ಸಲ್ಲದು.

ಪಾಯಿಂಟಿನ ಆಸೆಯಿಂದ ಖರ್ಚು ಹೆಚ್ಚಿಸಿಕೊಳ್ಳುವವರನ್ನೂ ಕಾಣಬಹುದು. ಕಚ್ಚಾಮಾಲಿನ ಬಿಲ್ಲನ್ನು ಕಾರ್ಡಿನ ಮೂಲಕ ಪಾವತಿಸಲು ಶೇ. 2ರಷ್ಟು ಶುಲ್ಕ ತೆತ್ತರೆ, ನೂರು ರೂಪಾಯಿಗೆ ಎರಡು ರೂಪಾಯಿ ಕೊಟ್ಟು ಪಾಯಿಂಟನ್ನು ಕೊಂಡಂತಾಯಿತು. ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸದಿದ್ದರೆ ತಿಂಗಳಿಗೆ ಶೇ. 3ರಿಂದ 4ರ ಆಸುಪಾಸಿನ ಬಡ್ಡಿಯ ಮುಂದೆ ಯಾವ ಪಾಯಿಂಟೂ ನಿಲ್ಲದು. ಬಂಧುಗಳ, ನೆರೆಯ ಅಂಗಡಿಗಳ ಖರೀದಿಯನ್ನೆಲ್ಲ ತಮ್ಮ ಕಾರ್ಡಿನಲ್ಲಿ ಮಾಡಿಸುವ ಅಭ್ಯಾಸವೂ ಉಂಟು. ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಾಕಿಗೆ 10 ಲಕ್ಷ ರೂಪಾಯಿ ಅಥವಾ ಹೆಚ್ಚು ಪಾವತಿಯಾದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಸಲ್ಲಿಸುತ್ತದೆ. ಘೋಷಿತ ಆದಾಯ ಆರು ಲಕ್ಷ, ಕಾರ್ಡಿನ ಪಾವತಿ ಹದಿನೈದು ಲಕ್ಷ ಎಂದಾದಾಗ ಬರುವ ಪ್ರಶ್ನೆಗೆ ಪಾಯಿಂಟಿನ ಕಥೆ ಹೇಳಿ ಪಾರಾಗುವುದು ಸುಲಭವಲ್ಲ.

ಪಾಯಿಂಟುಗಳು ಆಸ್ತಿಯಲ್ಲವೆಂಬುದನ್ನು ಬೆಂಗಳೂರಿನವರು ಚೆನ್ನಾಗಿ ಬಲ್ಲರು. ಇಲ್ಲಿಯೇ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ 2012ರ ಅಕ್ಟೋಬರಿನಲ್ಲಿ ನಿಂತುಹೋದಾಗ ಅದರ ಕಿಂಗ್ ಕ್ಲಬ್ ಪಾಯಿಂಟುಗಳು ನಿರರ್ಥಕವಾದವು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಅದರ ಪಾಯಿಂಟು ಯೋಜನೆ ಬೇರೆ ಕಂಪನಿಯ ಹೆಸರಿನಲ್ಲಿದ್ದ ಕಾರಣ ಉಳಿದುಕೊಂಡು ಇಂಟರ್‌ಮೈಲ್ಸ್ ಎಂಬ ಹೆಸರು ಪಡೆಯಿತು. ಆದರೆ ಪಾಯಿಂಟು ಕೊಟ್ಟು ಏರಬೇಕಾಗಿದ್ದ ಆ ವಿಮಾನಗಳೇ ಇರಲಿಲ್ಲ. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಮಾತ್ರ ಗ್ರಾಹಕರ ಪಾಯಿಂಟುಗಳು ಮಹಾರಾಜ ಕ್ಲಬ್ಬಿಗೆ ಸುರಕ್ಷಿತವಾಗಿ ವರ್ಗವಾದವು. ವಿಮಾನ ಸಂಸ್ಥೆಯ ಲೆಕ್ಕಪತ್ರದಲ್ಲಿ ಬಳಕೆಯಾಗದ ಪಾಯಿಂಟು ಒಂದು ಹೊಣೆಗಾರಿಕೆ. ಅದು ಅವಧಿ ಮೀರಿ ರದ್ದಾದಾಗ ಸಂಸ್ಥೆಗೆ ಆದಾಯ. ಗ್ರಾಹಕನು ಮರೆಯಲಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಸಿಂಗಪುರ ಏರ್‌ಲೈನ್ಸಿನ ಮೈಲುಗಳಿಗೆ ಮೂರು ವರ್ಷಗಳ ಆಯುಷ್ಯ. ಮಗಳ ಮದುವೆಯ ನಂತರ ಯುರೋಪಿಗೆ ಹೋಗೋಣವೆಂದು ಹತ್ತು ವರ್ಷ ಕೂಡಿಡುವ ವಸ್ತು ಇದಲ್ಲ.

ಪಾಲುದಾರಿಕೆ ಸಂಸ್ಥೆಗಳಲ್ಲಿ ಇನ್ನೊಂದು ತೊಡಕಿದೆ. ಟಿಕೇಟಿನ ಹಣ ಸಂಸ್ಥೆಯದು. ಪಾಯಿಂಟು ಮಾತ್ರ ಹಾರಿದ ವ್ಯಕ್ತಿಯ ಹೆಸರಿಗೆ. ಮಾರುಕಟ್ಟೆ ನೋಡಿಕೊಳ್ಳುವ ಪಾಲುದಾರನು ಕುಟುಂಬ ಸಮೇತ ಸಿಂಗಪುರಕ್ಕೆ ಹೋಗಿಬಂದ ಸುದ್ದಿ ತಿಳಿದ ದಿನ, ಕಾರ್ಖಾನೆಯಲ್ಲಿ ಉಳಿದ ಪಾಲುದಾರನ ಮುಖ ಬಾಡದಿರದು. ಪಾಯಿಂಟುಗಳನ್ನು ಸಂಸ್ಥೆಯ ಪ್ರಯಾಣಕ್ಕೇ ಬಳಸಬೇಕೇ, ಹಾರಿದವನಿಗೇ ಬಿಡಬೇಕೇ ಎಂಬುದನ್ನು ಮೊದಲೇ ಒಂದು ಠರಾವಿನಲ್ಲಿ ಬರೆದಿಡಬೇಕು. ಮಾರಾಟದ ಗುರಿ ಮುಟ್ಟಿದ ವಿತರಕರಿಗೆ ಟಿಕೇಟನ್ನು ಬಹುಮಾನವಾಗಿ ಕೊಡುವವರು, ವರ್ಷಕ್ಕೆ ರೂ. 20,000 ಮೀರಿದ ಇಂತಹ ಸೌಲಭ್ಯಕ್ಕೆ ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿತಗೊಳಿಸಬೇಕೆಂಬ, 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮವನ್ನು ಮರೆಯಬಾರದು. ಅನ್ಯರ ಪಾಯಿಂಟುಗಳನ್ನು ಮಧ್ಯವರ್ತಿಗಳಿಂದ ಕೊಳ್ಳುವುದು ಯೋಜನೆಗಳ ಷರತ್ತಿಗೆ ವಿರುದ್ಧ. ಟಿಕೇಟೂ ಖಾತೆಯೂ ಒಟ್ಟಿಗೆ ರದ್ದಾಗಬಹುದು.

ಲೆಕ್ಕ ಬರೆಯುವಾಗ ಗಮನಿಸಬೇಕಾದ ಅಂಶವೊಂದಿದೆ. 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಕ್ಲಾಸ್ ಟಿಕೇಟಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದೆ, ಎಕಾನಮಿಗೆ ಶೇ. 5. ವ್ಯವಹಾರದ ಪ್ರಯಾಣಕ್ಕೆ ಹಣ ಕೊಟ್ಟು ಕೊಂಡ ಟಿಕೇಟಿನ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿದ್ದರೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯಲು ಅವಕಾಶವಿದೆ. ಪಾಯಿಂಟಿನ ಟಿಕೇಟಿಗಾದರೆ ಪುಸ್ತಕದಲ್ಲಿ ಪ್ರಯಾಣ ವೆಚ್ಚವೆಂದು ಬರೆಯಬೇಕಾದುದು ನಗದಾಗಿ ಪಾವತಿಸಿದ ರೂ. 40,000 ಮಾತ್ರ. ಟಿಕೇಟಿನ ಬೆಲೆ ಎರಡು ಲಕ್ಷ ನಲವತ್ತು ಸಾವಿರವೆಂದು ತೋರಿಸಿ ಖರ್ಚು ಬರೆದಲ್ಲಿ, ಅದಕ್ಕೆ ಹೊಂದುವ ವೋಚರು ಎಲ್ಲಿಯೂ ಸಿಗುವುದಿಲ್ಲ.