ಆನೆಗೆ ಉಪಕಾರ: ಒಳ್ಳೆಯ ಮನಸ್ಸು, ತಪ್ಪು ಲೆಕ್ಕ

ಕೃಷ್ಣಗಿರಿ ಜಿಲ್ಲೆಯ ತಳಿ ಸೀಮೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಂತಿರುವ ಗುಮ್ಮಳಾಪುರದ ಹೆಸರನ್ನು ಸಾಹಿತ್ಯದ ಓದುಗರು ಶೂನ್ಯಸಂಪಾದನೆಯ ಜತೆಗೆ ಕೇಳಿರುತ್ತಾರೆ. ಆ ಗ್ರಂಥವನ್ನು ಬೇರೆ ಬೇರೆಯಾಗಿ ಸಂಪಾದಿಸಿದ ನಾಲ್ವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗದೇವರೂ ಒಬ್ಬರು. ಅದರಲ್ಲಿ ಒಂದು ಪ್ರಸಂಗವಿದೆ. ಸೊನ್ನಲಿಗೆಯಲ್ಲಿ ಸಿದ್ಧರಾಮ ನೂರಾರು ಜನರನ್ನು ಕಟ್ಟಿಕೊಂಡು ಕೆರೆ ಕಟ್ಟಿಸುತ್ತಿರುತ್ತಾನೆ. ಅಲ್ಲಿಗೆ ಬಂದ ಅಲ್ಲಮಪ್ರಭು ಹೊಗಳುವುದಿರಲಿ, ಹಂಗಿಸುತ್ತಾನೆ. ಕೆರಳಿದ ಕೆಲಸಗಾರರು ಕಲ್ಲು ತೂರುತ್ತಾರೆ. ಕೆರೆ ಬೇಡವೆಂಬುದು ಅಲ್ಲಮನ ತಕರಾರಲ್ಲ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂಬ ಭಾವ ಬಂದೊಡನೆ ಮನುಷ್ಯ ತನ್ನ ಕೆಲಸವನ್ನು ತಾನೇ ಪರೀಕ್ಷಿಸುವುದನ್ನು ಬಿಡುತ್ತಾನಲ್ಲ, ಅವನ ಪ್ರಶ್ನೆ ತಾಗುವುದು ಅಲ್ಲಿಗೆ.

ಅದೇ ಪ್ರಶ್ನೆಯನ್ನು ಈ ಸೀಮೆಯಲ್ಲಿ ಇಂದು ಆನೆಗಳ ವಿಷಯದಲ್ಲಿ ಕೇಳಬೇಕಾಗಿದೆ. ಬನ್ನೇರುಘಟ್ಟದಿಂದ ಜವಳಗಿರಿ, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಕಾವೇರಿಯವರೆಗೆ ಕಾಡು ಒಂದೇ ಪಟ್ಟಿಯಾಗಿ ಹಬ್ಬಿದೆ. ನಡುವೆ ರಾಜ್ಯದ ಗಡಿ ಹಾದುಹೋಗಿದೆ, ಅಷ್ಟೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಹಿಂಡುಗಳು ಬನ್ನೇರುಘಟ್ಟದ ಕಡೆಯಿಂದ ಜವಳಗಿರಿಗೆ ಇಳಿದು, ಹೊಸೂರಿನ ಪಕ್ಕದ ಸಾನಮಾವು ಕಾಡಿನವರೆಗೂ ಹೋಗುತ್ತವೆ. ಬೆಳೆ ಹಾಳಾಗುತ್ತದೆ, ಜನ ಸಾಯುತ್ತಾರೆ, ಆನೆಗಳೂ ಸಾಯುತ್ತವೆ. ಇದನ್ನು ನೋಡಿ ಏನಾದರೂ ಮಾಡಬೇಕೆಂದು ಹೊರಡುವವರಿಗೆ ಕೊರತೆಯಿಲ್ಲ. ಅವರ ಕಾಳಜಿ ಸುಳ್ಳಲ್ಲ. ಆದರೆ ಆ ಕಾಳಜಿಯ ಹಿಂದಿರುವ ಹಲವು ನಂಬಿಕೆಗಳು ಪರೀಕ್ಷೆಗೆ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 1: ಕಾಡಿನಲ್ಲಿ ಮೇವಿಲ್ಲ, ಅದಕ್ಕೇ ಆನೆ ಊರಿಗೆ ಬರುತ್ತದೆ. ಕಾಡಂಚಿನಲ್ಲಿ ತಿನ್ನಲು ಇಟ್ಟರೆ ಅಲ್ಲೇ ನಿಲ್ಲುತ್ತದೆ.

ಸತ್ಯ: ಕಾಡಿನ ಗುಣ ಕೆಟ್ಟಿರುವುದು ನಿಜ. ಆದರೆ ಮೇವಿರುವ ಕಾಡಿನಿಂದಲೂ ಆನೆ ಹೊಲಕ್ಕೆ ಬರುತ್ತದೆ. ಇದರ ಕಾರಣವನ್ನು 1980ರ ದಶಕದ ಆರಂಭದಲ್ಲೇ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಸೀಮೆಯಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿ ರಾಮನ್ ಸುಕುಮಾರ್ ವಿವರಿಸಿದ್ದಾರೆ. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ದಿನಕ್ಕೆ ನೂರೈವತ್ತು ಕಿಲೊದಷ್ಟು ಮೇಯಬೇಕಾದ, ಮೇದದ್ದರಲ್ಲಿ ಅರ್ಧದಷ್ಟನ್ನೂ ಅರಗಿಸಿಕೊಳ್ಳಲಾಗದ ಪ್ರಾಣಿಗೆ ಒಂದೇ ಕಡೆ ಒತ್ತಾಗಿ ನಿಂತ ರಾಗಿ ಹೊಲ ಬಹಳ ಲಾಭದ ಜಾಗ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಸಿಕ್ಕಿತು. ಬೆಳೆದ ಸಲಗವೊಂದು ವರ್ಷಕ್ಕೆ ಸರಾಸರಿ 49 ರಾತ್ರಿ ಹೊಲಕ್ಕೆ ನುಗ್ಗಿದರೆ, ಹೆಣ್ಣಾನೆಗಳ ಹಿಂಡು ನುಗ್ಗಿದ್ದು 8 ರಾತ್ರಿ. ಕಾರಣ ಹಸಿವೊಂದೇ ಆಗಿದ್ದರೆ ಇಷ್ಟು ಅಂತರ ಇರುತ್ತಿರಲಿಲ್ಲ. ಅಪಾಯ ಮೈಮೇಲೆ ಎಳೆದುಕೊಂಡರೂ ಸರಿ, ಒಳ್ಳೆಯ ಮೇವು ತಿಂದು ಮೈ ಬೆಳೆಸಿಕೊಳ್ಳುವುದು ಗಂಡಾನೆಯ ಬದುಕಿನ ರೀತಿ.

ಹೀಗಿರುವಾಗ ಕಾಡಂಚಿನಲ್ಲಿ ಬಾಳೆಗೊನೆ ಇಡುವುದು, ಹಲಸು ಹಾಕುವುದು, ಬೆಲೆ ಬಿದ್ದ ಟೊಮೆಟೊವನ್ನು ‘ಪ್ರಾಣಿಗಾದರೂ ಆಗಲಿ’ ಎಂದು ಕಾಡಿನ ರಸ್ತೆ ಬದಿಯಲ್ಲಿ ಸುರಿಯುವುದು, ಇವೆಲ್ಲ ಆನೆಗೆ ಒಂದೇ ಪಾಠ ಕಲಿಸುತ್ತವೆ: ಮನುಷ್ಯರಿರುವ ಕಡೆ ರುಚಿಯಾದದ್ದು ಸಿಗುತ್ತದೆ. ಆ ಪಾಠ ಕಲಿತ ಆನೆ ಮರೆಯುವುದಿಲ್ಲ. ಕೇರಳದ ಚಿನ್ನಕ್ಕನಾಲಿನಲ್ಲಿ ಅಕ್ಕಿಯ ರುಚಿ ಹತ್ತಿದ ಅರಿಕೊಂಬನ್ ಎಂಬ ಸಲಗ ಪಡಿತರ ಅಂಗಡಿಯನ್ನೇ ಮತ್ತೆ ಮತ್ತೆ ಒಡೆದದ್ದು ಎಲ್ಲರಿಗೂ ಗೊತ್ತು.

ತಪ್ಪು ಕಲ್ಪನೆ 2: ಬೇಸಿಗೆಯಲ್ಲಿ ಕಾಡಿನೊಳಗೆ ಬೋರ್ ಕೊರೆಸಿ ತೊಟ್ಟಿ ತುಂಬಿಸಿದರೆ ಅದಕ್ಕಿಂತ ಪುಣ್ಯವಿಲ್ಲ.

ಸತ್ಯ: ಬಾಯಾರಿದವರಿಗೆ ನೀರು ಕೊಡುವುದು ನಮ್ಮ ಕಡೆ ದೊಡ್ಡ ಧರ್ಮ. ಅರವಟ್ಟಿಗೆಗೆ ಇದು ಸರಿ, ಕಾಡಿಗೆ ಯಾವಾಗಲೂ ಸರಿಯಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1930ರ ದಶಕದಿಂದ ಪ್ರಾಣಿಗಳಿಗಾಗಿ ಬೋರ್‌ವೆಲ್ ಕೊರೆಸುತ್ತ ಹೋದರು. ಸಂಖ್ಯೆ ಮುನ್ನೂರು ದಾಟಿತು. ಮೊದಲು ಬೇಸಿಗೆಯಲ್ಲಿ ನೀರಿಲ್ಲದೆ ಖಾಲಿಯಾಗುತ್ತಿದ್ದ ಬಯಲುಗಳಲ್ಲಿ ವರ್ಷವಿಡೀ ಪ್ರಾಣಿಗಳು ಬೀಡುಬಿಟ್ಟವು. ಹುಲ್ಲಿಗೆ ಚಿಗುರಲು ಬಿಡುವು ಸಿಗಲಿಲ್ಲ. ಉದ್ಯಾನದ ಉತ್ತರ ಭಾಗಕ್ಕೆ ನೀರಿನ ಆಸೆಗೆ ಜೀಬ್ರಾಗಳು ಬಂದವು, ಅವುಗಳ ಹಿಂದೆ ಸಿಂಹಗಳು ಬಂದವು. ಒಣ ಸೀಮೆಯಲ್ಲಿ ತಮ್ಮ ಪಾಡಿಗೆ ಬದುಕಿದ್ದ ರೋನ್ ಎಂಬ ಅಪರೂಪದ ಜಿಂಕೆಗಳು 1986ರಲ್ಲಿ ಸುಮಾರು 450 ಇದ್ದವು, 1993ರ ವೇಳೆಗೆ 45ಕ್ಕೆ ಇಳಿದವು. 1990ರ ದಶಕದಲ್ಲಿ ಉದ್ಯಾನದ ಆಡಳಿತವೇ ತಾನು ಕೊರೆಸಿದ ಬಾವಿಗಳನ್ನು ಒಂದೊಂದಾಗಿ ಮುಚ್ಚತೊಡಗಿತು.

ನಮ್ಮ ಕಾಡು ಕ್ರೂಗರ್ ಅಲ್ಲ ನಿಜ. ಆದರೆ ಕಾರಣ–ಪರಿಣಾಮದ ಸರಪಳಿ ಇಲ್ಲಿಯೂ ಅದೇ. ಬೇಸಿಗೆಯಲ್ಲಿ ಕಾವೇರಿಯ ಕಡೆ ಸರಿಯಬೇಕಾದ ಹಿಂಡಿಗೆ ಊರಿನ ಪಕ್ಕದ ಕಾಡಿನಲ್ಲೇ ತೊಟ್ಟಿ ತುಂಬಿಸಿಟ್ಟರೆ ಅದು ಸರಿಯುವುದಿಲ್ಲ. ಹಗಲು ತೊಟ್ಟಿಯ ಸುತ್ತ, ರಾತ್ರಿ ತೋಟದೊಳಗೆ. ಎಲ್ಲಿ, ಎಷ್ಟು, ಯಾವ ತಿಂಗಳು ನೀರು ಕೊಡಬೇಕೆಂಬ ತೀರ್ಮಾನ ಕಾಡಿನ ಓಡಾಟ ಬಲ್ಲವರದಾಗಬೇಕು. ಹುಟ್ಟುಹಬ್ಬದ ದಾನಕ್ಕೆ ತಕ್ಕ ಜಾಗ ಅದಲ್ಲ.

ತಪ್ಪು ಕಲ್ಪನೆ 3: ಕಾಟ ಕೊಡುವ ಆನೆಯನ್ನು ಹಿಡಿದು ದೂರದ ದಟ್ಟ ಕಾಡಿಗೆ ಬಿಟ್ಟರೆ ಊರೂ ಉಳಿಯುತ್ತದೆ, ಆನೆಯೂ ಸುಖವಾಗಿರುತ್ತದೆ.

ಸತ್ಯ: ಪ್ರಾಣಿಪ್ರಿಯರಿಗೂ ರೈತರಿಗೂ ಏಕಕಾಲಕ್ಕೆ ಒಪ್ಪಿಗೆಯಾಗುವ ಪರಿಹಾರ ಇದೊಂದೇ. ಅದಕ್ಕೇ ಇದರ ಸೋಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೆರೆಯ ಧರ್ಮಪುರಿ ಜಿಲ್ಲೆಯ ಉದಾಹರಣೆಯನ್ನೇ ನೋಡಿ. ಪಾಲಕ್ಕೋಡು ಸುತ್ತ ಬೆಳೆಗೆ ನುಗ್ಗುತ್ತಿದ್ದ ಒಂದು ಮಕ್ನಾವನ್ನು, ಅಂದರೆ ದಂತವಿಲ್ಲದ ಗಂಡಾನೆಯನ್ನು, 2023ರ ಫೆಬ್ರವರಿ 5ರಂದು ಅರಿವಳಿಕೆ ಕೊಟ್ಟು ಹಿಡಿದು ಆನೈಮಲೈ ಹುಲಿ ಅಭಯಾರಣ್ಯದಲ್ಲಿ ಬಿಟ್ಟರು. ಅದು ಅಲ್ಲಿ ನಿಲ್ಲಲಿಲ್ಲ. ಕಾಡಿನಿಂದ ಇಳಿದು ಹಳ್ಳಿ, ಹೆದ್ದಾರಿಗಳನ್ನು ದಾಟಿ ಕೊಯಮತ್ತೂರು ನಗರದ ಅಂಚಿಗೆ ಬಂತು. ಫೆಬ್ರವರಿ 23ರಂದು ಮತ್ತೆ ಹಿಡಿದರು, ಮತ್ತೆ ಕಾಡಿಗೆ ಬಿಟ್ಟರು. ಅದು ಮತ್ತೆ ಹೊಲಗಳಿಗೆ ಬಂತು. ಜುಲೈ ಕೊನೆಗೆ ಮೂರನೇ ಸಲ ಹಿಡಿಯಬೇಕಾಯಿತು. ಅದೇ ವರ್ಷ ಅರಿಕೊಂಬನ್‌ನನ್ನು ಏಪ್ರಿಲ್ 29ರಂದು ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರೆ, ತಿಂಗಳೊಳಗೆ ಅದು ತಮಿಳುನಾಡಿನ ಕಂಬಂ ಪಟ್ಟಣದ ಬೀದಿಯಲ್ಲಿ ಓಡಾಡುತ್ತಿತ್ತು. ಅಲ್ಲಿ ಅದರಿಂದ ಪೆಟ್ಟು ತಿಂದವನೊಬ್ಬ ತೀರಿಕೊಂಡ. ಜೂನ್ 5ರಂದು ಮತ್ತೆ ಹಿಡಿದು ರಾಜ್ಯದ ದಕ್ಷಿಣ ತುದಿಯ ಕಳಕ್ಕಾಡು–ಮುಂಡಂತುರೈ ಕಾಡಿಗೆ ಸಾಗಿಸಿದರು.

ಇವು ಬಿಡಿ ಘಟನೆಗಳಲ್ಲ. ಶ್ರೀಲಂಕಾದಲ್ಲಿ ಪೃಥಿವಿರಾಜ್ ಫರ್ನಾಂಡೊ ಮತ್ತು ಸಂಗಡಿಗರು ಹೀಗೆ ಸ್ಥಳಾಂತರಿಸಿದ 12 ಗಂಡಾನೆಗಳಿಗೆ ರೇಡಿಯೊ ಕಾಲರ್ ಹಾಕಿ ಹಿಂಬಾಲಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟ ಉದ್ಯಾನದೊಳಗೇ ಸತ್ತ ಎರಡನ್ನು ಬಿಟ್ಟರೆ ಉಳಿದವೆಲ್ಲ ಅಲ್ಲಿಂದ ಹೊರಟವು. ಕೆಲವು ತಮ್ಮ ಹಳೆಯ ಜಾಗಕ್ಕೆ ಮರಳಿದವು, ಕೆಲವು ದಿಕ್ಕೆಟ್ಟು ಅಲೆದವು, ಕೆಲವು ಹೊಸ ಊರುಗಳ ಪಕ್ಕ ನೆಲೆಸಿದವು. ಸಂಘರ್ಷ ಹೆಚ್ಚು ಕಡೆಗೆ ಹರಡಿತು, ಆನೆಗಳ ಸಾವೂ ಹೆಚ್ಚಿತು. ಆನೆಗೆ ತನ್ನ ಸೀಮೆಯ ನೀರು, ದಾರಿ, ಋತು ಎಲ್ಲ ನೆನಪಿನಲ್ಲಿರುತ್ತವೆ. ನಮಗೆ ದಟ್ಟವೆನಿಸಿದ ಕಾಡು ಅದಕ್ಕೆ ಗುರುತಿಲ್ಲದ ಪರದೇಶ. ಹಿಡಿಯುವುದು ಅನಿವಾರ್ಯವಾಗುವ ಸಂದರ್ಭಗಳಿವೆ, ಮುಖ್ಯವಾಗಿ ಒಂದೇ ಆನೆ ಮತ್ತೆ ಮತ್ತೆ ಜನರನ್ನು ಕೊಂದಾಗ. ಆದರೆ ಅದನ್ನು ಆನೆಗೆ ಮಾಡಿದ ಉಪಕಾರವೆಂದು ಕರೆಯಬಾರದು.

ತಪ್ಪು ಕಲ್ಪನೆ 4: ಊರವರೆಲ್ಲ ಸೇರಿ ಪಟಾಕಿ ಹೊಡೆದು ಓಡಿಸಿದರೆ ಅರಣ್ಯ ಇಲಾಖೆಗೆ ಸಹಾಯ ಮಾಡಿದಂತೆ.

ಸತ್ಯ: ಹಗಲು ಹೊತ್ತು ನೂರಾರು ಜನ ಸುತ್ತುವರಿದಾಗ ಹಿಂಡು ಒಡೆಯುತ್ತದೆ. ಮರಿಯಿರುವ ಹೆಣ್ಣಾನೆ ಎದುರು ನಿಲ್ಲುತ್ತದೆ, ಸಲಗ ಬೇರೆ ದಿಕ್ಕಿಗೆ ನುಗ್ಗುತ್ತದೆ. ಆನೆ ನಿಧಾನದ ಪ್ರಾಣಿ ಎಂದು ಮೊಬೈಲ್ ಹಿಡಿದು ಹತ್ತಿರ ಹೋಗುವವರು ತಿಳಿದಿರಲಿ: ಏಷ್ಯಾದ ಆನೆಗಳ ಓಟವನ್ನು ಅಳೆದಾಗ ಗಂಟೆಗೆ 25 ಕಿಲೊಮೀಟರ್ ವೇಗ ದಾಖಲಾಗಿದೆ. ಉಳುಮೆಯಾದ ಹೊಲದಲ್ಲಿ ಆ ವೇಗಕ್ಕೆ ಓಡುವ ಮನುಷ್ಯರು ಕಡಿಮೆ. ಗಣೇಶನ ಸ್ವರೂಪ, ಕೈಮುಗಿದರೆ ಏನೂ ಮಾಡುವುದಿಲ್ಲ ಎಂದು ಎದುರು ಹೋಗುವ ಭಕ್ತಿಗೂ ಇದೇ ಉತ್ತರ.

ಇನ್ನು ಓಡಿಸಿದ ಆನೆ ಎಲ್ಲಿಗೆ ಹೋಗುತ್ತದೆ? ಪಕ್ಕದ ಊರಿಗೆ. ತಮಿಳುನಾಡಿನ ಸಿಬ್ಬಂದಿ ಉತ್ತರಕ್ಕೆ ಅಟ್ಟಿದ್ದನ್ನು ಕರ್ನಾಟಕದ ಸಿಬ್ಬಂದಿ ದಕ್ಷಿಣಕ್ಕೆ ಅಟ್ಟುವುದನ್ನು ಆನೇಕಲ್–ತಳಿ ಗಡಿಯ ಜನ ವರ್ಷ ವರ್ಷ ನೋಡುತ್ತಿದ್ದಾರೆ. ನಮ್ಮೂರಿಗಾದ ಒಳ್ಳೆಯದು ಮುಂದಿನ ಊರಿಗೆ ಕೇಡಾಗಿ ಇಳಿಯುತ್ತದೆ.

ತಪ್ಪು ಕಲ್ಪನೆ 5: ಕಾಡಿನ ಸುತ್ತ ಕಂದಕ ತೋಡಿ ಬೇಲಿ ಹಾಕಿಬಿಟ್ಟರೆ ತೊಂದರೆ ಮುಗಿಯಿತು.

ಸತ್ಯ: ಕಂದಕ ಮಳೆಗೆ ಕುಸಿಯುತ್ತದೆ, ಹಳ್ಳ ಹರಿಯುವಲ್ಲಿ ಮತ್ತು ಬಂಡೆ ಇರುವಲ್ಲಿ ತೋಡಲಾಗುವುದಿಲ್ಲ, ಕೆಲವು ಆನೆಗಳು ದಡದ ಮಣ್ಣನ್ನೇ ಒಳಗೆ ತಳ್ಳಿ ದಾಟುತ್ತವೆ. ಸೋಲಾರ್ ಬೇಲಿಯ ತಂತಿಯನ್ನು ಸಲಗ ದಂತದಿಂದ ಕೀಳುತ್ತದೆ, ಏಕೆಂದರೆ ದಂತಕ್ಕೆ ಶಾಕ್ ತಾಗುವುದಿಲ್ಲ. ಇಲ್ಲವೇ ಮರ ಕೆಡವಿ ತಂತಿಯ ಮೇಲೆ ಹಾಕುತ್ತದೆ. ಇದಕ್ಕಿಂತ ದೊಡ್ಡ ತೊಡಕು ಬೇಲಿಯ ಜಾಗದ್ದು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2005ರಲ್ಲಿ ದೇಶದ 88 ಆನೆ ಕಾರಿಡಾರ್‌ಗಳನ್ನು ಪಟ್ಟಿ ಮಾಡಿದಾಗ ತಳಿ, ಬಿಳಿಕಲ್–ಜವಳಗಿರಿ, ಕರಡಿಕಲ್–ಮಾದೇಶ್ವರ ಈ ಮೂರೂ ಅದರಲ್ಲಿದ್ದವು. ಇಂಥ ದಾರಿಗೆ ಅಡ್ಡಲಾಗಿ ಬೇಲಿ ಎದ್ದರೆ ಆನೆ ಹಿಂದಿರುಗದೆ ಬೇಲಿ ಮುಗಿಯುವ ಊರನ್ನು ಹುಡುಕಿಕೊಂಡು ಹೋಗುತ್ತದೆ. ಕಾಡಿಗೆ ಹಾಕುವ ಬೇಲಿಗಿಂತ ಊರಿಗೆ, ಬೆಳೆಗೆ ಹಾಕುವ ಬೇಲಿ ಉತ್ತಮ ಎಂಬುದು ಶ್ರೀಲಂಕಾದ ಅನುಭವ. ಅಲ್ಲಿ ಭತ್ತದ ಗದ್ದೆಗೆ ರೈತರೇ ಸೇರಿ ಬೆಳೆಯ ಕಾಲಕ್ಕೆ ಬೇಲಿ ಹಾಕಿ, ಕೊಯ್ಲಾದ ಮೇಲೆ ತೆಗೆಯುತ್ತಾರೆ. ತಮ್ಮದೇ ಬೇಲಿಯಾದ್ದರಿಂದ ದುರಸ್ತಿಯೂ ಆಗುತ್ತದೆ.

ತಪ್ಪು ಕಲ್ಪನೆ 6: ತಂತಿಗೆ ಕರೆಂಟ್ ಕೊಟ್ಟದ್ದು ಹಂದಿಗೆ. ಆನೆಗೆ ಕೇಡು ಬಗೆಯುವ ಉದ್ದೇಶವಿರಲಿಲ್ಲ.

ಸತ್ಯ: ವಿದ್ಯುತ್ತಿಗೆ ಉದ್ದೇಶ ಗೊತ್ತಾಗುವುದಿಲ್ಲ. 2023ರ ಮಾರ್ಚ್ 7ರಂದು ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಹೊಲದ ಅಕ್ರಮ ವಿದ್ಯುತ್ ತಂತಿ ತಗುಲಿ ಮೂರು ಆನೆಗಳು ಸತ್ತವು. ಬದುಕುಳಿದದ್ದು ಎರಡು ಮರಿಗಳು. ಸೋಲಾರ್ ಬೇಲಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಪ್ರತಿಯೊಬ್ಬ ರೈತನೂ ತಿಳಿಯಬೇಕು. ಸೋಲಾರ್ ಬೇಲಿಯ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಟ್ಟು ನಿಲ್ಲುತ್ತದೆ. ನೋವಾಗುತ್ತದೆ, ಪ್ರಾಣ ಹೋಗುವುದಿಲ್ಲ. ಕಂಬದಿಂದ ನೇರವಾಗಿ ಎಳೆದ ಕರೆಂಟ್ ಬಿಡುವಿಲ್ಲದೆ ಹರಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಆನೆಯಷ್ಟೇ ಅಲ್ಲ, ರಾತ್ರಿ ನೀರು ಕಟ್ಟಲು ಹೋದ ಮನೆಯವರೂ ಪಕ್ಕದ ಹೊಲದವರೂ ಇಂಥ ತಂತಿಗೆ ಸಿಕ್ಕಿ ಸಾಯುವುದುಂಟು. ಕಾನೂನಿನ ಮುಂದೆ ಇದು ವಿದ್ಯುತ್ ಕಳವೂ ಹೌದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಹಾಗಾದರೆ ಏನು ಮಾಡಬೇಕು?

ಸುಮ್ಮನೆ ಕೂರಬೇಕೆಂದು ಇದರ ಅರ್ಥವಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಮೊದಲು ಮಾಡಿದ್ದು, ಜನ ಹೇಗೆ ಸಾಯುತ್ತಿದ್ದಾರೆಂದು ಒಂದೊಂದು ಸಾವನ್ನೂ ವಿಚಾರಿಸಿದ್ದು. ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಅಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಹಾಗಾಗಿ 2011ರಿಂದ ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಮೊಬೈಲ್ ಸಂದೇಶದಲ್ಲಿ ಕಳಿಸತೊಡಗಿದರು. ದಾರಿ ಬದಿ ಕೆಂಪು ದೀಪಗಳನ್ನು ನಿಲ್ಲಿಸಿ, ಆನೆ ಹತ್ತಿರವಿದ್ದಾಗ ಹೊತ್ತಿಸಿದರು. ಆನೆಯನ್ನು ಅಟ್ಟಲಿಲ್ಲ, ಹಿಡಿಯಲಿಲ್ಲ. ಆದರೂ ಮನುಷ್ಯರ ಸಾವು ಇಳಿಯಿತು. ಹಾಸನದ ಆಲೂರು–ಸಕಲೇಶಪುರ ಸೀಮೆಯಲ್ಲೂ ಇಂಥದೇ ಮುನ್ಸೂಚನೆಯ ವ್ಯವಸ್ಥೆ ಬಂದಿದೆ.

ತಳಿ, ಜವಳಗಿರಿ, ಗುಮ್ಮಳಾಪುರ, ಆನೇಕಲ್ ಕಡೆಯ ಓದುಗರು ಇಷ್ಟು ಮಾಡಬಹುದು. ಆನೆ ಕಂಡರೆ ಮೊದಲು ರೇಂಜ್ ಆಫೀಸಿಗೂ ಮುಂದಿನ ಊರಿಗೂ ಫೋನ್ ಮಾಡಿ; ವಿಡಿಯೊ ಹಾಕಿ ಜನ ಸೇರಿಸಬೇಡಿ. ರಾಗಿ ಕೊಯ್ಲನ್ನು ಊರವರೆಲ್ಲ ಒಂದೇ ವೇಳೆಗೆ ಮುಗಿಸಿ, ಮೆದೆಯನ್ನು ಹೊಲದಲ್ಲಿ ಬಿಡಬೇಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಾಡಂಚಿನ ದಾರಿಗೆ ಒಬ್ಬರೇ ಹೋಗಬೇಡಿ. ಹಾನಿಯಾದ ಬೆಳೆಯ ಪರಿಹಾರದ ಅರ್ಜಿಯನ್ನು ತಡಮಾಡದೆ ಕೊಡಿ, ನೆರೆಯವರಿಗೂ ಬರೆದುಕೊಡಿ. ದಾನ ಮಾಡುವ ಮನಸ್ಸಿರುವ ಪೇಟೆಯವರು ಹಣ್ಣು, ತೊಟ್ಟಿಗಳ ಬದಲು ಊರ ಬೇಲಿಯ ಬ್ಯಾಟರಿಗೆ, ಬೀದಿದೀಪಕ್ಕೆ, ರಾತ್ರಿ ಕಾವಲುಗಾರರ ಕೂಲಿಗೆ ಹಣ ಕೊಡಿ. ಕೊಟ್ಟ ಮೇಲೆ ಮುಂದಿನ ಸುಗ್ಗಿಗೆ ಬಂದು, ಅದರಿಂದ ಯಾರಿಗೆ ಏನಾಯಿತೆಂದು ವಿಚಾರಿಸಿ. ವಿಚಾರಿಸಲು ಪುರುಸೊತ್ತಿಲ್ಲದವರು ಆ ಉಪಕಾರಕ್ಕೆ ಕೈಹಾಕದಿರುವುದೇ ಮೇಲು.