ಇಂಟರ್‌ವ್ಯೂನಲ್ಲಿ ನಾವೇ ಪ್ರಶ್ನೆ ಕೇಳಿದರೆ ಕೆಲಸ ಕೈತಪ್ಪುತ್ತದೆಯೇ?

"ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಜಾಸ್ತಿ ಮಾತಾಡಬೇಡ." ಇಂಟರ್‌ವ್ಯೂಗೆ ಹೊರಟ ಮಕ್ಕಳಿಗೆ ಮನೆಯಲ್ಲಿ ಹೇಳುವ ಮಾತಿದು. ಕೊನೆಯಲ್ಲಿ "ನೀವೇನಾದರೂ ಕೇಳುವುದಿದೆಯೇ?" ಎಂದಾಗ "ಏನಿಲ್ಲ ಸರ್" ಎಂದು ಎದ್ದು ಬರುವವರೇ ಹೆಚ್ಚು. ಪ್ರಶ್ನೆ ಕೇಳಿದರೆ ಅಹಂಕಾರ ಅಂದುಕೊಳ್ಳುತ್ತಾರೆ ಎಂಬುದು ಭಯ.

ನಿಜ ಏನು?

ಖಾಸಗಿ ಕೆಲಸದ ಇಂಟರ್‌ವ್ಯೂನಲ್ಲಿ ಅದು ಬಾಯಿಮಾತಿನ ಸೌಜನ್ಯವಲ್ಲ. ಸೇರಿದ ತಿಂಗಳಲ್ಲೇ ಬಿಟ್ಟುಹೋಗುವವರಿಂದ ಕಂಪನಿಗೂ ನಷ್ಟ. ಕೆಲಸ ಎಂಥದ್ದು ಎಂದು ತಿಳಿದುಕೊಂಡು ಸೇರುವವರು ಅವರಿಗೂ ಬೇಕು.

ನಿಮಗಂತೂ ಇದು ಇನ್ನೂ ಮುಖ್ಯ. ಎಚ್.ಡಿ. ಕೋಟೆಗೆ ರೈಲಿಲ್ಲ, ಮೈಸೂರಿಗೆ ಸುಮಾರು 50 ಕಿ.ಮೀ. ನಂಜನಗೂಡು, ಹೆಬ್ಬಾಳ, ಕೂರ್ಗಳ್ಳಿಯ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕರೆ ಒಂದೋ ದಿನಾ ಬಸ್ಸು, ಇಲ್ಲವೇ ಬಾಡಿಗೆ ರೂಮು. ಅಡ್ವಾನ್ಸ್ ಕೊಟ್ಟು ರೂಮು ಮಾಡಿದ ಮೇಲೆ ವಿಷಯ ಗೊತ್ತಾದರೆ ಕೈಯಿಂದ ಹೋದ ದುಡ್ಡು ನಿಮ್ಮದೇ.

ಒಳ್ಳೆಯ ಪ್ರಶ್ನೆ ಯಾವುದು?

"ಹೌದು, ಇಲ್ಲ" ಎಂದು ಮುಗಿಸಲಾಗದ್ದು. "ನೈಟ್ ಶಿಫ್ಟ್ ಇರುತ್ತಾ ಸರ್?" ಎಂದರೆ "ಯಾವಾಗಲೋ ಒಮ್ಮೆ" ಎನ್ನುತ್ತಾರೆ. "ತಿಂಗಳಲ್ಲಿ ಎಷ್ಟು ವಾರ ನೈಟ್ ಶಿಫ್ಟ್? ಕಂಪನಿ ಬಸ್ಸು ಎಲ್ಲಿಂದ ಹೊರಡುತ್ತದೆ?" ಎಂದರೆ ಲೆಕ್ಕ ಹೇಳಲೇಬೇಕು.

ಮೊದಲು ಕೆಲಸದ ಬಗ್ಗೆ ಕೇಳಿ, ಸಂಬಳದ ವಿಷಯ ಆಮೇಲೆ:

1. ಮೊದಲ ಮೂರು ತಿಂಗಳು ನಾನು ಯಾವ ಕೆಲಸ ಮಾಡಬೇಕು? ಕಲಿಸಿಕೊಡುವವರು ಯಾರು?

2. ನೇಮಕಾತಿ ಪತ್ರ ಕೊಡುವುದು ಕಂಪನಿಯೋ, ಗುತ್ತಿಗೆದಾರರೋ? ಗುತ್ತಿಗೆಯಾದರೆ ಸಂಬಳ ಕೊಡುವವರು, ಪಿಎಫ್ ಕಟ್ಟುವವರು ಸಾಮಾನ್ಯವಾಗಿ ಗುತ್ತಿಗೆದಾರರೇ. ಆ ಹೆಸರು ನಿಮಗೆ ಗೊತ್ತಿರಬೇಕು.

3. ಎಲ್ಲಾ ಕಡಿತ ಹೋಗಿ ಕೈಗೆ ಎಷ್ಟು ಬರುತ್ತದೆ?

4. ಓಟಿ ಮಾಡಿದರೆ ಗಂಟೆಗೆ ಎಷ್ಟು? ಕಾರ್ಖಾನೆ ಕಾರ್ಮಿಕರಿಗೆ ಕಾನೂನಿನ ಪ್ರಕಾರ ಓಟಿಗೆ ಸಾಮಾನ್ಯ ದರದ ದುಪ್ಪಟ್ಟು ಕೊಡಬೇಕು.

5. ಫಲಿತಾಂಶ ಯಾವತ್ತು, ಯಾರಿಂದ ತಿಳಿಯುತ್ತದೆ?

"ನಿಮ್ಮ ಕಂಪನಿ ಏನು ತಯಾರಿಸುತ್ತದೆ?" ಎಂದು ಮಾತ್ರ ಕೇಳಬೇಡಿ. ಅದನ್ನು ಮೊದಲೇ ಮೊಬೈಲಲ್ಲಿ ನೋಡಿಕೊಂಡು ಹೋಗಿ.

ಮೂರನೇ ಪ್ರಶ್ನೆ ಯಾಕೆ ಬೇಕು?

ಜಾಹೀರಾತಿನಲ್ಲಿ "18,000 ಸಿಟಿಸಿ" ಎಂದಿದೆ ಅಂದುಕೊಳ್ಳಿ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಮತ್ತು ಇಎಸ್ಐ ಕೂಡ ಸೇರಿರಬಹುದು. ಮೂಲವೇತನ 15,000 ಆದರೆ ಪಿಎಫ್ ಶೇ 12ರಂತೆ ಕಂಪನಿಯ ಪಾಲು 1,800, ನಿಮ್ಮ ಪಾಲೂ 1,800. ಸಂಬಳ 21,000ದ ಒಳಗಿದ್ದರೆ ಇಎಸ್ಐಗೆ ಕಂಪನಿ ಶೇ 3.25, ನೀವು ಶೇ 0.75 ಕಟ್ಟಬೇಕು. ಇಷ್ಟೆಲ್ಲ ಕಳೆದರೆ ಕೈಗೆ ಬರುವುದು ಸುಮಾರು 13,770 ರೂಪಾಯಿ. ಕ್ಯಾಂಟೀನು, ಬಸ್ಸಿಗೆ ಹಿಡಿದುಕೊಂಡರೆ ಇನ್ನೂ ಕಡಿಮೆ. ಇದು ಮೋಸವಲ್ಲ, ಪಿಎಫ್ ನಿಮ್ಮದೇ ಉಳಿತಾಯ, ಇಎಸ್ಐ ಆಸ್ಪತ್ರೆ ಖರ್ಚಿಗೆ ಆಸರೆ. ಆದರೆ ರೂಮಿನ ಬಾಡಿಗೆ ಕಟ್ಟಬೇಕಾದದ್ದು 13,770ರಲ್ಲೇ ಹೊರತು 18,000ದಲ್ಲಿ ಅಲ್ಲ.

ನಕಲಿ ಕೆಲಸಕ್ಕೂ ಇದೇ ಪರೀಕ್ಷೆ

ಮೋಸಗಾರರಿಗೆ ಪ್ರಶ್ನೆ ಕಂಡರೆ ಆಗುವುದಿಲ್ಲ. "ನೇಮಕಾತಿ ಪತ್ರ ಯಾರು ಕೊಡುತ್ತಾರೆ? ಕೆಲಸದ ಜಾಗದ ವಿಳಾಸ ಯಾವುದು?" ಎಂದು ಕೇಳಿ. ಉತ್ತರದ ಬದಲು "ಇವತ್ತೇ ರಿಜಿಸ್ಟ್ರೇಷನ್ ಫೀ ಕಳಿಸಿ" ಎಂದರೆ ಅಲ್ಲಿಗೇ ಬಿಡಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಿಮ್ಮಿಂದ ದುಡ್ಡು ಕೇಳಬಾರದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗೆ "ನೇರ ಇಂಟರ್‌ವ್ಯೂ" ಎಂಬ ಮೆಸೇಜ್ ಬಂದರೂ ನಂಬಬೇಡಿ. ಆ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ಪದ್ಧತಿಯೇ ಇಲ್ಲ.

ಕೊನೆಯದಾಗಿ

ಪ್ರಶ್ನೆ ಕೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆ ಎನ್ನಲಾಗದು. ಆದರೆ ಮರ್ಯಾದೆಯಿಂದ ಕೇಳಿದ ಎರಡು ಮೂರು ಪ್ರಶ್ನೆ ಅಹಂಕಾರವಲ್ಲ. ಹಾಗೆ ಕೇಳಿದ್ದಕ್ಕೇ ಸಿಡುಕುವ ಕಡೆ ನಾಳೆ ರಜೆ ಕೇಳುವುದು ಹೇಗೆ? ಚೀಟಿಯಲ್ಲಿ ಬರೆದುಕೊಂಡು ಹೋದರೂ ತಪ್ಪಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ವಾರ ಇಂಟರ್‌ವ್ಯೂಗೆ ಹೊರಟಿದ್ದರೆ ಇದನ್ನು ಅವರಿಗೆ ಕಳಿಸಿ.