ಓದಲಾಗದ ಕರಾರಿಗೆ ಸಹಿ ಬೇಡ

ಧರ್ಮಪುರಿ ಜಿಲ್ಲೆಯ ಪಾಲಕೋಡಿನಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿವೆ. ಒಳಗೆ ಕನ್ನಡ, ಹೊರಗೆ ತಮಿಳು. ಬಾಡಿಗೆ ಮನೆಯ ಕರಾರುಪತ್ರವೂ ಸಾಮಾನ್ಯವಾಗಿ ತಮಿಳಿನದೇ. ಮಾತು ಬಂದರೂ ಅಕ್ಷರ ಬಾರದವರು, ಓದಿ ಹೇಳಿದವರನ್ನು ನಂಬಿ ಸಹಿ ಹಾಕಬೇಕಾಗುತ್ತದೆ. ಮಲಯಾಳದ ದಸ್ತಾವೇಜಿನ ಮುಂದೆ ಕುಳಿತ ನಮ್ಮವರ ಪಾಡೂ ಇದೇ ಅಲ್ಲವೇ?

ತಮಿಳುನಾಡಿನ 1960ರ ಬಾಡಿಗೆ ನಿಯಂತ್ರಣ ಕಾನೂನು ಈಗಿಲ್ಲ. 2017ರ ಹೊಸ ಕಾನೂನು 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಇದರಂತೆ ಬಾಯಿಮಾತು ಸಾಲದು. ಕರಾರು ಬರಹದಲ್ಲಿದ್ದು ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. ಹನ್ನೊಂದು ತಿಂಗಳ ಕರಾರಿಗೂ ವಿನಾಯಿತಿಯಿಲ್ಲ. ನೀರು, ವಿದ್ಯುತ್ತು ಕಡಿದು ಬಾಡಿಗೆದಾರನನ್ನು ಪೀಡಿಸುವಂತಿಲ್ಲ.

ಮುಂಗಡ ಎಷ್ಟು? ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು, ಆದರೆ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಮಾತ್ರ. ತೊಡಕಿರುವುದು ಇಲ್ಲಿಯೇ. 'ಹತ್ತು ತಿಂಗಳ ಮುಂಗಡ' ಎಂಬ ಒಂದು ಸಾಲಿಗೆ ಓದದೆ ಸಹಿ ಹಾಕಿದರೆ, ಕಾನೂನು ಕೊಟ್ಟ ರಕ್ಷಣೆಯನ್ನು ನಾವೇ ಬಿಟ್ಟುಕೊಟ್ಟಂತೆ.

ಹಾಗಾದರೆ ಪತ್ರ ಕನ್ನಡದಲ್ಲಿರಬಹುದೇ? ಕ್ರಯಪತ್ರ, ಒಂದು ವರ್ಷ ಮೀರಿದ ಬಾಡಿಗೆ ಪತ್ರಗಳ ಮಟ್ಟಿಗೆ 1908ರ ನೋಂದಣಿ ಕಾಯಿದೆಯ 19ನೆಯ ಕಲಮು ದಾರಿ ತೋರುತ್ತದೆ. ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲಿಲ್ಲದ ಭಾಷೆಯ ಪತ್ರವಾದರೂ, ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಸರಿಯಾದ ಅನುವಾದ ಮತ್ತು ನಕಲು ಜೊತೆಗಿದ್ದರೆ ಭಾಷೆಯ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಈ ಕಾಯಿದೆ ಪಾಲಕೋಡಿಗೂ ಒಂದೇ, ಕಾಸರಗೋಡಿಗೂ ಒಂದೇ.

ಅದು ಆಗದಿದ್ದಲ್ಲಿ ನಂಬಿಕಸ್ತರಿಂದ ಸಾಲುಸಾಲಾಗಿ ಓದಿಸಿ ಕೇಳಿರಿ. ಒಂದು ಪ್ರತಿ ಕೈಯಲ್ಲಿರಲಿ. ಕೊಟ್ಟ ಬಾಡಿಗೆಗೆ ರಸೀದಿ ಪಡೆಯಿರಿ. ಸಂಕೋಚ ಒಂದು ಗಳಿಗೆಯದು, ಸಹಿ ವರ್ಷಗಳದ್ದು.